ಭಟ್ಟಿ ಉಸುಕಿನ್ಯಾಗ ಏನೇನ್ ಹಾಕ್ತಾರ್ರಿ!

ಇವತ್ತಾರ ಸಿಟ್ಟು ಮಾಡಬಾರದು ಅಂತ ಗೋಕಾಕದಾಗ ಬಸ್ ಹತ್ತೂವಾಗ ದಿನಾ ಅನಕೋತೀನಿ. ಹುಕ್ಕೇರಿ ರೋಡಿನ ನಮ್ಮ ಫೌಂಡ್ರಿ ಗೇಟ್ ದಾಟೂದ್ರಾಗ ಯಾರಾರ ಏನಾರ ಮಾಡೇ ಇಟ್ಟಿರ್ತಾರ. ಕಬ್ಬಿಣ ಕರಗಿಸೂ ಭಟ್ಟಿಗೆ ಒಳಗ ಸಿಲಿಕಾ ಉಸುಕು ಬಡದು ಗ್ವಾಡಿ ಕಟ್ಟೂದು ನನ್ನ ಕೆಲಸ. ಅದಕ್ಕ ಬೋರಿಕ್ ಪುಡಿ ಅಳತಿಗೆ ತಕ್ಕಂಗ ಬೀಳಬೇಕು. ಕಡಿಮಿ ಆದ್ರ ಉಸುಕು ಹಿಡಿಯೂದಿಲ್ಲ, ಹೆಚ್ಚಾದ್ರ ಕಾವಿಗೆ ಗ್ವಾಡೀನ ಕರಗತೈತಿ. ಇಷ್ಟ ವಿಷಯ ಯಾರ ತಲಿಗೂ ಹೋಗವಲ್ದು!

೧. ಕೇರಂ

ಒಂದಿನ ಬೋರಿಕ್ ಡಬ್ಬಿ ಖಾಲಿ. ಹುಡುಕಿದ್ರ, ಮೂಡಲಗಿಯ ಇಬ್ರು ಕೆಲಸಗಾರರು ಶೆಡ್ಡಿನ ಹಿಂದ ಕೇರಂ ಹಚ್ಚಿ ಕುಂತಾರ. ಬೋರ್ಡ್ ಮ್ಯಾಲ ನನ್ನ ಪುಡಿ!

"ನಾಚಿಕಿ ಬರೂದಿಲ್ಲೇನ್ರೋ? ಭಟ್ಟೀದದು!" ಅಂತ ಒದರಿದೆ.

"ಸಿಟ್ಟಾಗಬ್ಯಾಡ್ರಿ ಮಿಸ್ತ್ರಿ," ಅಂದ ಒಬ್ಬ, "ಕ್ವೀನ್ ಹೊಡದ ಕೂಡ್ಲೇ ಬಳದು ಕೊಡ್ತೀವಿ."

೨. ಗಟ್ಟಿ ಆಗ್ಲಿ ಅಂತ

ನಾ ಕೌಜಲಗಿಗೆ ಮದಿವಿಗೆ ಹೋದಾಗ ಫೌಂಡ್ರಿ ಸಾವಕಾರ್ರು ತಾವ ನಿಂತು ಭಟ್ಟಿ ಗ್ವಾಡಿ ಬಡಿಸಿದ್ರು. ಬಂದು ನೋಡಿದ್ರ ಗ್ವಾಡಿ ಕರಗಿ ಹಾಳಿಯಂಗ ತೆಳ್ಳಗ ಆಗೈತಿ!

"ಬೋರಿಕ್ ಎಷ್ಟ ಹಾಕಿದ್ರಿ?"

"ಗಟ್ಟಿ ಆಗ್ಲಿ ಅಂತ ಡಬಲ್."

"ಗ್ವಾಡಿ ಹಿಂದ ನೀರು ಹರಿಯೂ ಕಾಯಿಲ್ ಐತ್ರಿ! ಕರಗಿದ ಕಬ್ಬಿಣ ಅದಕ್ಕ ಮುಟ್ಟಿದ್ರ ಭಟ್ಟಿ ಸಿಡದು ಮಂದಿ ಸಾಯ್ತಿದ್ರು!" ಅಂತ ಸಿಟ್ಟಿಲೆ ಒದರಿದೆ.

"ಅದಕ್ಕ ಹೇಳೂದು, ಮದಿವಿ ಗಿದಿವಿ ಅಂತ ರಜಾ ಹಾಕಬ್ಯಾಡ್ರಿ," ಅಂದ್ರು ಅವ್ರು. "ಇನ್ನೊಮ್ಮಿ ಗ್ವಾಡಿ ಹೋದ್ರ ನೀವೂ ಮನೀಗೆ ಹೋಗ್ರಿ."

೩. ಉಪ್ಪು

ನೌಕರಿ ಉಳಿಬೇಕಲ್ಲ? ಹೊಸಾ ಉಸುಕು ತೂಕ ಮಾಡಿ ಕಲಸಿ ಇಟ್ಟೆ. ಅಷ್ಟರಾಗ ದಡ್ಡಿ ಊರಿಂದ ಸಾವಕಾರ್ರ ತಾಯಿ ಬಂದ್ರು. "ಭಟ್ಟಿಗೆ ಯಾರದೋ ದೃಷ್ಟಿ ಆಗೈತಿ" ಅಂತ ಉಪ್ಪು ನಿವಾಳಿಸಿ, ನಾ ಬ್ಯಾಡ್ರಿ ಅನ್ನೂದ್ರಾಗ ಬೊಗಸಿ ಉಪ್ಪು ನನ್ನ ಉಸುಕಿನ್ಯಾಗ ಚೆಲ್ಲಿಬಿಟ್ರು! ಉಪ್ಪು ಬಿದ್ದ ಉಸುಕು ಕಾವು ತಡಿಯೂದಿಲ್ಲ.

"ಅವ್ವಾರ, ಏನ್ ಮಾಡಿದ್ರಿ ಇದು!"

"ಎಲ್ಲಾ ಛಲೋ ಆಗತೈತಿ ಬಿಡಪಾ," ಅಂತ ಚಾ ಕುಡದು ಹೋದ್ರು.

ಹಲ್ಲು ಕಡಕೋತ ಅಷ್ಟೂ ಉಸುಕು ಹೊರಗ ಒಯ್ದು ಸುರುವಿ, ಮತ್ತ ಹೊಸಾದು ಕಲಸಿ ಬಡದೆ. ಭಟ್ಟಿ ಹಚ್ಚಿದ್ವಿ. ಗ್ವಾಡಿ ಒಂಚೂರೂ ಅಲ್ಲಾಡಲಿಲ್ಲ, ನನ್ನ ನೌಕರೀನೂ ಉಳೀತು.

ಸಾವಕಾರ್ರು ನಗಕೋತ ಬಂದ್ರು. "ನೋಡಿದ್ರಿ ನಮ್ಮವ್ವನ ಉಪ್ಪು?"

ನನಗ ಮೈಯೆಲ್ಲಾ ಉರದು ಹೋತು. "ಯಾವ ಉಪ್ಪ್ರೀ? ಆ ಉಸುಕು ಪೂರಾ ಹೊರಗ ಒಗದೇನಿ ನಾ!"

ಅವ್ರು ನನ್ನ ಬೆನ್ನು ಚಪ್ಪರಿಸಿದ್ರು. "ಭೇಷ್! ನಿವಾಳಿಸಿದ್ದು ಹೊರಗ ಒಗದ್ರ ಅಲ್ಲೇನ್ರಿ ದೃಷ್ಟಿ ಹೋಗೂದು? ಮುಂದಿನ ಸಲಾನೂ ಅವ್ವನ್ನ ಕರಸ್ತೀನಿ, ನೀವು ಹಿಂಗ ಒಗೀರಿ."