ಎರಡು ಸೆಕೆಂಡು ಸುಮ್ಮನಿರಲೊಲ್ಲದ ಕುದೇರಿನ ಮಾನ್ಯರಿಗೆ

ಗುಂಡ್ಲುಪೇಟೆ,
೧೮ನೇ ಫೆಬ್ರವರಿ ೧೯೫೪

ಕುದೇರು ಗ್ರಾಮದ ಪುಟ್ಟಮಲ್ಲಪ್ಪನವರ ಮನೆಯ ನಡುಕೋಣೆಯಲ್ಲಿ, ಹಳೆಯ ಸೀರೆಯ ಜೋಲಿಯಲ್ಲಿ ಬಿಜಯಂಗೈದಿರುವ, ನಲವತ್ತೊಂದು ದಿನ ಪ್ರಾಯದ, ಹೆಸರಿಡುವ ಶಾಸ್ತ್ರ ಇನ್ನೂ ಆಗಿಲ್ಲದ ಕಾರಣ ಯಾವ ಹೆಸರಿನಿಂದಲೂ ಕರೆಯಲು ಬಾರದ ಮಾನ್ಯರೇ,

ತಮ್ಮ ಪುಟ್ಟ ಪಾದಗಳಿಗೆ ಮೊದಲು ನಮಸ್ಕಾರ. ಅವು ಸದ್ಯ ನನ್ನ ಹೆಬ್ಬೆರಳಿನಷ್ಟೇ ಇದ್ದರೂ ಒದೆಯುವ ವಿಷಯದಲ್ಲಿ ಯಾವ ಹೋರಿಕರುವಿಗೂ ಕಡಿಮೆಯಿಲ್ಲವೆಂದು ಬಲ್ಲವರು ಹೇಳಿರುವುದರಿಂದ ನಮಸ್ಕಾರವನ್ನು ಸಾಕಷ್ಟು ದೂರದಿಂದಲೇ ಸಲ್ಲಿಸುತ್ತಿದ್ದೇನೆ.

ನಾನು ಗುಂಡ್ಲುಪೇಟೆಯ ಪೇಟೆ ಬೀದಿಯಲ್ಲಿರುವ ಗೌರಿ ಫೋಟೋ ಸ್ಟುಡಿಯೋದ ಮಾಲೀಕ ಶಂಭುಲಿಂಗಪ್ಪ, ಅಂದರೆ ತಮ್ಮ ತಂದೆ. ಈ ಕಾಗದವನ್ನು ತಮ್ಮ ತಾಯಿಯವರು ತಮಗೆ ಓದಿ ಹೇಳುವರೆಂದು ನಂಬಿದ್ದೇನೆ. ಇದರ ಇನ್ನೊಂದು ಪ್ರತಿಯನ್ನು ನನ್ನ ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿದ್ದೇನೆ. ಏಕೆಂದರೆ ಬೀಡಿ ಹಚ್ಚಲು ಬೆಂಕಿಪೊಟ್ಟಣ ಕೇಳಿಕೊಂಡು ಬಂದವನೂ ಸಹ, 'ಏನ್ ಶಂಭಣ್ಣ, ಊರೋರ ಮಕ್ಕಳ ಪಟ ಎಲ್ಲಾ ತಗ್ದಿದ್ದೀಯ, ನಿನ್ ಮಗಂದೆಲ್ಲಿ?' ಎಂದು ಕೇಳದೆ ಹೋಗುತ್ತಿಲ್ಲ, ಒಬ್ಬೊಬ್ಬನಿಗೂ ಕಥೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ವಿಷಯ ಏನೆಂದರೆ, ತಮ್ಮ ತಂದೆಯ ತಾಯಿ, ಎಂದರೆ ನಮ್ಮ ಅವ್ವ ಮಲ್ಲಾಜಮ್ಮನವರು, ತಾವು ಹುಟ್ಟುವುದಕ್ಕೆ ಹದಿನೈದು ದಿನ ಮುಂಚೆ ರಾಗಿ ಕಣದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಾರೆ. ಗಾಡಿಯಾಗಲಿ ಬಸ್ಸಾಗಲಿ ಹತ್ತಿಸಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ತಾವೋ, ಐದು ತಿಂಗಳು ತುಂಬುವ ತನಕ ತಾಯಿಯ ತವರು ಬಿಟ್ಟು ಕದಲುವವರಲ್ಲ. 'ಅಷ್ಟ್ ದಿನ ನಾನಿರ್ತೀನಾ ಏನ್ ಗ್ಯಾರಂಟಿ ಕಣ್ಲಾ? ನನ್ ಮೊಮ್ಮಗನ ಮೊಕ ಒಂದ್ಸಲ ತೋರುಸ್ಬುಡು, ಪಟದಲ್ಲಾದ್ರೂ ಸರಿಯೆ' ಎಂದು ಅವ್ವ ಕಣ್ಣಲ್ಲಿ ನೀರು ಹಾಕಿಕೊಂಡು ಕೇಳಿದರು.

ಅವರಿಗೆ ನಾನು ಕೊಟ್ಟ ಉತ್ತರ, 'ಅದೇನ್ ಮಹಾ ಬುಡವ್ವ, ಒಂದ್ ದಿನದ ಕೆಲ್ಸ.' ಹೀಗೆ ಹೇಳಲು ನನಗೆ ಆಧಾರವಿತ್ತು. ಮಿಡಲ್ ಸ್ಕೂಲಿನ ಅರವತ್ತೆರಡು ಹುಡುಗರನ್ನು ಫೋಟೋದ ಒಂದೇ ಗಾಜಿನ ಪ್ಲೇಟಿನಲ್ಲಿ, ಒಬ್ಬನೂ ಪಕ್ಕದವನನ್ನು ಚಿವುಟದ ಹಾಗೆ ಕೂರಿಸಿದವನು ನಾನು. ಮುಹೂರ್ತದ ಹೊತ್ತಿಗೇ ಜಗಳ ಆಡಿಕೊಂಡ ಬೀಗರನ್ನು ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿದ್ದೇನೆ. ದನಗಳ ಜಾತ್ರೆಯಲ್ಲಿ ಬಹುಮಾನ ಹೊಡೆದ ಜೋಡಿ ಎತ್ತುಗಳು ಸಹ ನನ್ನ ಮಾತಿಗೆ ಬೆಲೆ ಕೊಟ್ಟು, ಕಿವಿ ನಿಮಿರಿಸಿಕೊಂಡು ನಿಂತಿವೆ. ಆದರೆ ಎತ್ತುಗಳಿಗೆ ಇದ್ದಷ್ಟು ದಾಕ್ಷಿಣ್ಯವನ್ನು ತಮ್ಮಿಂದ ನಿರೀಕ್ಷಿಸಿದ್ದು ನನ್ನದೇ ತಪ್ಪು.

ತಾವು ಹನ್ನೊಂದು ದಿನದವರಿದ್ದಾಗ ಮೊದಲ ಸಲ ಬಂದೆ. ಚಾಮರಾಜನಗರದಲ್ಲಿ ಬಸ್ಸು ಬದಲಾಯಿಸಿ, ಕ್ಯಾಮರಾ ಪೆಟ್ಟಿಗೆಯನ್ನು ತೊಡೆಯ ಮೇಲೂ ಮೂರು ಕಾಲಿನ ಸ್ಟ್ಯಾಂಡನ್ನು ಬಸ್ಸಿನ ಮೇಲೆ ಈರುಳ್ಳಿ ಮೂಟೆಗಳ ನಡುವೆಯೂ ಇಟ್ಟುಕೊಂಡು ಕುದೇರಿನಲ್ಲಿ ಇಳಿದರೆ, ಸ್ಟ್ಯಾಂಡು ನೋಡಿದ ದೊಡ್ಡಮಾದಯ್ಯನೆಂಬ ರೈತರೊಬ್ಬರು ನನ್ನನ್ನು ಜಮೀನು ಅಳೆಯುವ ಸರ್ಕಾರಿ ನೌಕರನೆಂದು ತಿಳಿದು, ತಮ್ಮ ದಾಯಾದಿ ಒತ್ತರಿಸಿಕೊಂಡ ಬದುವಿನ ಕಥೆಯನ್ನು ಪುಟ್ಟಮಲ್ಲಪ್ಪನವರ ಜಗಲಿಯವರೆಗೂ ಹೇಳಿಕೊಂಡು ಬಂದರು. ಅದಿರಲಿ. ಒಳಗೆ ಬಂದರೆ, ಹಾಡುಹಗಲಿನಲ್ಲಿ ದೀಪ ಹಿಡಿದು ದೀಪ ಹುಡುಕಬೇಕಾದಂಥ ಬಾಣಂತಿ ಕೋಣೆ! ಕಿಟಕಿಗೆ ಗೋಣಿಚೀಲ ತುರುಕಿದ್ದರು, ಸಾಂಬ್ರಾಣಿ ಹೊಗೆ ಬೇರೆ. ಫೋಟೋ ಎಂಬುದು ಬೆಳಕಿನಿಂದ ಆಗುವ ಕೆಲಸ, ಮಗುವನ್ನು ಐದು ನಿಮಿಷ ಜಗಲಿಗೆ ತಂದರೆ ಸಾಕು ಎಂದು ವಿನಂತಿಸಿದೆ. ತಮ್ಮ ಅಜ್ಜಿ ಶಿವರುದ್ರಮ್ಮನವರು ಅಳಿಯನ ಮುಖ ನೋಡಿ ಮಾತಾಡುವ ಪದ್ಧತಿ ಇಟ್ಟುಕೊಂಡವರಲ್ಲ. ಬಾಗಿಲ ಕಂಬವನ್ನು ಉದ್ದೇಶಿಸಿ, 'ಅನ್ನೊಂದ್ ದಿನದ ಕೂಸ ಗಾಳಿಗೊಡ್ಡದಾ? ಅಳಿಮಯ್ಯೋರು ಓದಿದೋರು, ಅವ್ರಿಗೆ ನಾವೇನ್ ಯೋಳದು' ಎಂದರು. ಕಂಬ ಒಪ್ಪಿಕೊಂಡಿತು, ನಾನೂ ಒಪ್ಪಿಕೊಂಡೆ.

ವಿಧಿಯಿಲ್ಲದೆ ಆ ಕತ್ತಲೆಯಲ್ಲೇ ಎಂಟು ಸೆಕೆಂಡು ಕ್ಯಾಮರಾ ತೆರೆದಿಟ್ಟೆ. ಆ ಎಂಟು ಸೆಕೆಂಡಿನಲ್ಲಿ ತಾವು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಮೇಲಕ್ಕೊಮ್ಮೆ, ಮತ್ತೆ ಎಲ್ಲಿಗೆಲ್ಲಿಗೋ ತಲೆ ತಿರುಗಿಸಿ ದರ್ಶನ ಕೊಟ್ಟಿರಿ. ಪ್ಲೇಟು ತೊಳೆದು ನೋಡಿದರೆ ಒಂದೇ ಕುತ್ತಿಗೆಗೆ ಐದು ಮುಖ. ಪರಶಿವನೇ ಮನೆಗೆ ಬಂದನೆಂದು ನಾನು ಕೈ ಮುಗಿಯಲೂ ಸಿದ್ಧನಿದ್ದೆ. ಆದರೆ ಅವ್ವ ಪಟವನ್ನು ಹಿಂದೆ ಮುಂದೆ ತಿರುಗಿಸಿ, 'ಇದ್ರಲ್ಲಿ ಯಾವನ್ಲಾ ನನ್ ಮೊಮ್ಮಗ?' ಎಂದು ಕೇಳಿಬಿಟ್ಟರು.

ಇಪ್ಪತ್ಮೂರನೆಯ ದಿನ ಎರಡನೇ ಸಲ ಬಂದೆ. ಈ ಸಲ ಮುಂಚಿತವಾಗಿ ಕಾಗದ ಬರೆದು, ಕಿಟಕಿಯ ಗೋಣಿಯನ್ನು ಒಂದು ಮೊಳ ಸರಿಸುವ ಒಪ್ಪಂದ ಮಾಡಿಕೊಂಡಿದ್ದೆ. ಎಳೆ ಬಿಸಿಲು ನೇರವಾಗಿ ಬೀಳದೆ ಪಕ್ಕದಿಂದ ಬರಬೇಕು, ಎದುರು ಪಕ್ಕಕ್ಕೆ ಬಿಳಿಯ ಬಟ್ಟೆ ಹಿಡಿದರೆ ಕೆನ್ನೆಯ ನೆರಳು ಕರಗುತ್ತದೆ. ಇದು ನಮ್ಮ ಕಸುಬಿನ ಗುಟ್ಟು. ತಮ್ಮ ತಾತ ಪುಟ್ಟಮಲ್ಲಪ್ಪನವರು ತಮ್ಮ ಮಡಿ ಪಂಚೆಯನ್ನೇ ಎರಡು ಕೈಯಲ್ಲಿ ಅಗಲಿಸಿ ಹಿಡಿದು ನಿಂತರು, ನಿಂತಲ್ಲೇ ತೂಕಡಿಸಿದರೂ ಪಂಚೆ ಬಿಡಲಿಲ್ಲ, ಅವರ ಉಪಕಾರ ದೊಡ್ಡದು. ತಾವೂ ಹೊಟ್ಟೆ ತುಂಬ ಕುಡಿದು ನಿದ್ದೆಯಲ್ಲಿದ್ದಿರಿ. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ, ತಮಗೆ ನೀರು ಹಾಕುವ ಮೂಗಮ್ಮನವರು ಕ್ಯಾಮರಾವನ್ನು ಬಗ್ಗಿ ನೋಡಿ, 'ಅಯ್ ಶಿವ್ನೇ, ಊರ ಕಣ್ಣೆಲ್ಲ ಒಂದು, ಇದ್ರ ಕಣ್ಣೇ ಒಂದು! ರೆಪ್ಪೇನೂ ಬಡಿಯಕಿಲ್ವಲ್ಲ ಇದು!' ಎಂದರು. ತಕ್ಷಣ ಕಾಡಿಗೆ ಬಟ್ಟಲು ಬಂತು. ಅಜ್ಜಿಯವರು ಒಂದು ಕೆನ್ನೆಗೆ, ಮೂಗಮ್ಮನವರು ಇನ್ನೊಂದು ಕೆನ್ನೆಗೆ, ಹಣೆಗೆ, ಗಲ್ಲಕ್ಕೆ, ನೋಡಲು ಬಂದಿದ್ದ ನೆರೆಮನೆಯ ಇಬ್ಬರು ಉಳಿದ ಜಾಗಕ್ಕೆ ದೃಷ್ಟಿಬೊಟ್ಟು ಇಟ್ಟರು. ನಾನು ತಲೆ ಎತ್ತುವ ಹೊತ್ತಿಗೆ ತಮ್ಮ ಮುಖದಲ್ಲಿ ಮೂಗು ಮಾತ್ರ ಖಾಲಿ ಇತ್ತು.

ಆ ಪಟ ನೋಡಿದ ಅವ್ವ, 'ಅಯ್ಯೋ ನನ್ ಕಂದಂಗೆ ಅಮ್ಮ ಎದ್ದವಳಲ್ಲಪ್ಪೋ!' ಎಂದು ಬಾಯಿ ಬಡಿದುಕೊಂಡು, ಮಾರಮ್ಮನಿಗೆ ಹರಕೆಯನ್ನೂ ಕಟ್ಟಿಕೊಂಡುಬಿಟ್ಟರು. ಅದು ಸಿಡುಬಲ್ಲ, ಕಾಡಿಗೆ ಎಂದು ಅವರನ್ನು ನಂಬಿಸುವುದರಲ್ಲಿ ಸಾಕುಸಾಕಾಯಿತು.

ಮೂವತ್ನಾಲ್ಕನೆಯ ದಿನ ಮೂರನೇ ಸಲ ಬಂದವನು, ಜಗಲಿ ಹತ್ತುವುದಕ್ಕೂ ಮುಂಚೆಯೇ ಕೈ ಜೋಡಿಸಿ, ದಯವಿಟ್ಟು ಮುಖಕ್ಕೆ ಬೊಟ್ಟು ಇಡಬೇಡಿರೆಂದು ಬೇಡಿಕೊಂಡೆ. ಶಿವರುದ್ರಮ್ಮನವರು ಒಂದೇ ಮಾತಿಗೆ, 'ಆಯ್ತು ಬುಡಿ, ಕೂಸಿನ ಮೊಕುಕ್ಕೆ ಇಡಕಿಲ್ಲ' ಎಂದರು. ಅತ್ತೆ ಅಷ್ಟು ಬೇಗ ಒಪ್ಪಿಕೊಂಡಾಗಲೇ ಅಳಿಯನಾದವನು ಎಚ್ಚರಗೊಳ್ಳಬೇಕಿತ್ತು. ನಾನು ಕ್ಯಾಮರಾ ನಿಲ್ಲಿಸಿಟ್ಟು ಹೋಗಿ, ಅವರೆಕಾಳು ಸಾರಿನಲ್ಲಿ ಎರಡು ಮುದ್ದೆ ಉಂಡು ಬಂದು, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರೆ, ಕ್ಯಾಮರಾದ ಹಿಂಬದಿಯ ಗಾಜಿನಲ್ಲಿ ತಾವಿಲ್ಲ, ಗೋಪಾಲಸ್ವಾಮಿ ಬೆಟ್ಟದ ಮಂಜು ಇದೆ. ಸಾಂಬ್ರಾಣಿ ಹೊಗೆ ಇರಬೇಕೆಂದುಕೊಂಡೆ. ಅಂದು ತಾವು ಎಂಥ ಕೃಪೆ ತೋರಿದಿರಿ! ಎರಡೂ ಕಣ್ಣು ತೆರೆದು, ಮುಷ್ಟಿಯನ್ನು ಗಲ್ಲಕ್ಕೆ ಆನಿಸಿ, ಪುರಸಭೆಯ ಅಧ್ಯಕ್ಷರೂ ನಾಚುವ ಗಾಂಭೀರ್ಯದಲ್ಲಿ ಐದು ಪ್ಲೇಟು ಮುಗಿಯುವ ತನಕ ಕಲ್ಲಿನ ಹಾಗೆ ಇದ್ದಿರಿ. ಐದರಲ್ಲೂ ಮಂಜು. ಆರನೆಯ ಪ್ಲೇಟಿಗೆ ಮುಂಚೆ ಏನೋ ಅನುಮಾನ ಬಂದು ಕ್ಯಾಮರಾದ ಕಣ್ಣನ್ನು ಕರ್ಚೀಫಿನಿಂದ ಒರೆಸಿದೆ. ಕರ್ಚೀಫು ಮಸಿಯಾಯಿತು.

ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆ! ನಾನು ಕೂಗಾಡಿದೆ, ಸುಳ್ಳು ಹೇಳುವುದಿಲ್ಲ. ಶಿವರುದ್ರಮ್ಮನವರು ಸ್ವಲ್ಪವೂ ಅಳುಕದೆ ಕಂಬಕ್ಕೆ ಹೇಳಿದರು: 'ಕೂಸ್ಗೆ ಇಡಬ್ಯಾಡಿ ಅಂದೋರು ಅವ್ರೇ. ಅದ್ಕೇ ನೋಡೋ ಕಣ್ಗೇ ಇಟ್ಟೆ. ಅದ್ರಲ್ಲೇನು ತಪ್ಪು?' ಮಾನ್ಯರೇ, ನಾನು ಬಸ್ಸಿನುದ್ದಕ್ಕೂ ಯೋಚಿಸಿದ್ದೇನೆ, ಆ ಮಾತಿನಲ್ಲಿ ತಪ್ಪು ಹುಡುಕಲು ಇವತ್ತಿಗೂ ನನ್ನಿಂದ ಆಗಿಲ್ಲ.

ನನ್ನ ಕೂಗಾಟಕ್ಕೆ ತಾವು ಬೆಚ್ಚಿ ಬಿದ್ದು, ಊರೆಲ್ಲ ಓಡಿಬರುವ ಹಾಗೆ ಅಳಲು ಶುರುಮಾಡಿದಿರಿ. ಉಳಿದದ್ದು ಒಂದೇ ಪ್ಲೇಟು, ಬಸ್ಸಿಗೆ ಹೊತ್ತಾಗಿತ್ತು, ಸಿಟ್ಟು ನೆತ್ತಿಗೇರಿತ್ತು. ಒತ್ತಿಬಿಟ್ಟೆ. ಆ ಒಂದು ಪಟ ಮಾತ್ರ ಹಲ್ಲಿಲ್ಲದ ತಮ್ಮ ವಸಡು ಸಮೇತ, ಕಣ್ಣಂಚಿನ ನೀರಿನ ಹನಿ ಸಮೇತ ಕನ್ನಡಿಯ ಹಾಗೆ ಬಂದಿದೆ. ಹದಿನಾಲ್ಕು ವರ್ಷದ ಕಸುಬಿನಲ್ಲಿ ಅಷ್ಟು ಸ್ಪಷ್ಟವಾದ ಪಟವನ್ನು ನಾನು ತೆಗೆದಿಲ್ಲ.

ಇಷ್ಟರ ಮೇಲೆ ತಮ್ಮಲ್ಲಿ ಬೇಡಿಕೆಗಳ ಉದ್ದ ಪಟ್ಟಿಯನ್ನೇ ಬರೆದಿಟ್ಟಿದ್ದೆ. ಆಕಳಿಕೆಯನ್ನು ಎಂಟು ದಿನ ಮುಂಚಿತವಾಗಿ ತಿಳಿಸುವುದು, ಎರಡು ಕಣ್ಣನ್ನೂ ಒಟ್ಟಿಗೇ ತೆರೆಯುವ ಅಭ್ಯಾಸ ಮಾಡಿಕೊಳ್ಳುವುದು, ಹಸಿವನ್ನು ಬಸ್ಸಿನ ವೇಳಾಪಟ್ಟಿಗೆ ಹೊಂದಿಸುವುದು, ಸಾಧ್ಯವಾದರೆ ಗುಂಡ್ಲುಪೇಟೆಗೆ ಒಬ್ಬರೇ ಬಂದು ಸ್ಟುಡಿಯೋದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವುದು, ಹೀಗೆ. ಆದರೆ ಮೊನ್ನೆ ಸಂಜೆ ಆ ಪಟವನ್ನು ಅವ್ವನ ಕೈಗೆ ಕೊಟ್ಟ ಮೇಲೆ ಪಟ್ಟಿಯನ್ನು ಹರಿದು ಹಾಕಿದ್ದೇನೆ.

ಅವ್ವ ಪಟವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಭೇಷ್ ಎನ್ನುತ್ತಾರೆಂದು ನಾನು ಮಂಚದ ಪಕ್ಕದಲ್ಲಿ ಕೋಟು ಸರಿಮಾಡಿಕೊಂಡು ನಿಂತಿದ್ದೆ. 'ಏನ್ಲಾ ಇದು? ಕೂಸು ಇಂಗೆ ಅಳ್ತಾ ಅದೆ, ನೀನು ಪಟ ತಗೀತಾ ನಿಂತಿದ್ದಾ?' ಎಂದರು. ಬೇರೆ ಪ್ಲೇಟು ಇರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು ಎಂದು ಏನೇನೋ ಹೇಳಿದೆ. 'ಆಮೇಕಾದ್ರೂ ಎತ್ಕಂಡ್ಯಾ?' ಎಂದರು. ನಾನು ಕೋಟಿನ ಗುಂಡಿ ಎಣಿಸತೊಡಗಿದೆ. 'ಉಟ್ಟಿದಾಗ್ನಿಂದ ಒಂದ್ಸಲನಾರ ಎತ್ಕಂಡಿದ್ದೀಯೇನ್ಲಾ?'

ಮಾನ್ಯರೇ, ಎತ್ತಿಕೊಂಡಿದ್ದೇನೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಹೇಳಲಾಗಲಿಲ್ಲ. ಮೂರು ಸಲ ಬಂದು ಮೂರು ಸಲವೂ ಕಪ್ಪು ಬಟ್ಟೆಯೊಳಗೆ ತಲೆ ಇಟ್ಟುಕೊಂಡು ನಿಂತು, ಕ್ಯಾಮರಾದ ಗಾಜಿನಲ್ಲಿ ಮೂಡುವ ತಮ್ಮ ತಲೆಕೆಳಗಾದ ಬಿಂಬವನ್ನಷ್ಟೇ ನೋಡಿ ವಾಪಸು ಹೋದವನು ನಾನು. ನನಗೆ ನಾಚಿಕೆಯಾಯಿತು. ಅವ್ವ ಪಟವನ್ನು ಸೆರಗಿನಿಂದ ಒರೆಸಿ ಎದೆಯ ಮೇಲಿಟ್ಟುಕೊಂಡು, 'ನಂಗೆ ಮೊಕ ಕಂಡ್ತು ಕಣಪ್ಪ. ನಿಂಗೇ ಇನ್ನೂ ಕಂಡಿಲ್ಲ, ಓಗು' ಎಂದರು.

ಆದ ಕಾರಣ ಬರುವ ಸೋಮವಾರ ಮೊದಲ ಬಸ್ಸಿಗೆ ಬರಿಗೈಯಲ್ಲಿ ಬರುತ್ತಿದ್ದೇನೆ. ಕುತ್ತಿಗೆಯ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಕೊಡಬೇಕೆಂದು ಅವ್ವ ಮಲಗಿದಲ್ಲಿಂದಲೇ ನನ್ನ ಕೈಗೆ ತಲೆದಿಂಬು ಕೊಟ್ಟು ಎರಡು ದಿನದಿಂದ ಅಭ್ಯಾಸ ಮಾಡಿಸುತ್ತಿದ್ದಾರೆ. ದಿಂಬನ್ನು ಎರಡು ಸಲ ಕೆಡವಿದ್ದೇನೆಂಬುದನ್ನು ಶಿವರುದ್ರಮ್ಮನವರಿಗೆ ಓದಿ ಹೇಳಬಾರದಾಗಿ ತಮ್ಮ ತಾಯಿಯವರಲ್ಲಿ ಕೋರಿಕೆ. ಭಯವಾಗುತ್ತಿದೆ, ಆದರೂ ಬರುತ್ತೇನೆ. ತಾವು ದೊಡ್ಡ ಮನಸ್ಸು ಮಾಡಿ ಈ ಕೈಗಳಿಗೆ ಬರಬೇಕು.

ಇಂತು,
ತಮ್ಮ ವಿಶ್ವಾಸಿ,
ಶಂಭುಲಿಂಗಪ್ಪ

ವಿ.ಸೂ.: ತಮ್ಮ ತಾಯಿಯವರ ಕಾಗದ ಈಗಷ್ಟೇ ಕೈಸೇರಿತು. ಮೊನ್ನೆ ಬೆಳಗ್ಗೆ ಹಿತ್ತಿಲಿನಲ್ಲಿ ತಾವು, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ಬಾಯಿ ತುಂಬ ನಕ್ಕಿರಂತೆ, ಅದೂ ಮೆಲುಕು ಹಾಕುತ್ತಿದ್ದ ಎಮ್ಮೆಯನ್ನು ನೋಡಿ. ಎಮ್ಮೆಯವರಿಗೆ ನನ್ನ ಅಭಿನಂದನೆ ತಿಳಿಸುವುದು. ಸೋಮವಾರ ಅವರ ಪಕ್ಕದಲ್ಲೇ ನಾನೂ ನಿಲ್ಲುತ್ತೇನೆ. ಆಗಲೂ ತಾವು ಅವರನ್ನೇ ನೋಡಿ ನಕ್ಕರೆ, ಹೆಸರಿಡುವ ಶಾಸ್ತ್ರಕ್ಕೆ ತಂದೆಯ ಮಣೆಯ ಮೇಲೆ ಅವರನ್ನೇ ಕೂರಿಸಿಕೊಳ್ಳತಕ್ಕದ್ದು.