ಇಲಾಖೆಯ ವರದಿಯನ್ನು ಕಾದಂಬರಿಯೆಂದು ಹೊಗಳಿದ ಕುರಿತು

ಸಂಖ್ಯೆ: ಭವಿ/ಕಲ್ಪ/61/2 (ತಿದ್ದುಪಡಿಗಳ ಸಹಿತ)
ಕೆಂಗ್-ಸಾಯ್ ನಗರ, ಏಪ್ರಿಲ್ 19

ವಿಷಯ: ವಿಜ್ಞಾನ ಕಥಾಸಾಹಿತ್ಯದ ವಿಮರ್ಶೆಗೆ ಮೀಸಲಾದ 'ನಾಳಿದ್ದು' ತ್ರೈಮಾಸಿಕವು ಇಲಾಖೆಯ 'ನಮ್ಮ ನಗರ 2050' ವರದಿಯನ್ನು ಕಾದಂಬರಿಯೆಂದು ಭಾವಿಸಿ ಮೆಚ್ಚಿಕೊಂಡಿರುವ ಬಗ್ಗೆ.

ಉಲ್ಲೇಖ: 1. ಸದರಿ ಪತ್ರಿಕೆಯ ವಸಂತ ಸಂಚಿಕೆ, ಪುಟ 12ರಿಂದ 19.
2. ಇಲಾಖೆಯ ಚಹಾ ಕೊಠಡಿಯಲ್ಲಿ ದಿನಾಂಕ 4ರಂದು ಕೇಳಿಬಂದ ನಗು.

ಭವಿಷ್ಯದೊಂದಿಗೆ ವ್ಯವಹರಿಸುವ ಎಲ್ಲ ಸಂಸ್ಥೆಗಳಿಗೂ ವರದಿಯ ಪ್ರತಿ ಕಳುಹಿಸಬೇಕೆಂಬ ಆದೇಶವಿದ್ದುದರಿಂದ ಸದರಿ ಪತ್ರಿಕೆಗೂ ಒಂದು ಪ್ರತಿ ರವಾನೆಯಾಗಿತ್ತು. ಮುಖಪುಟದಲ್ಲಿ ಹಾರುವ ಬಸ್ಸಿನ ಚಿತ್ರವಿದ್ದು, ಲೇಖಕರ ಹೆಸರು ಇಲ್ಲದ ಕಾರಣ, ಸಂಪಾದಕಿ ಶ್ರೀಮತಿ ಜಿಪಾರ್ ಎಸೆನ್‌ಕುಲೋವಾ ಅವರು ಅದನ್ನು ಕಾದಂಬರಿಯೆಂದೇ ಓದಿ, "ಪುಟ 61ರಲ್ಲಿ ಬರುವ, ನೆಲವೇ ಬೆಚ್ಚಗಿರುವ ಹದಿನೇಳನೇ ಶಿಶುವಿಹಾರವು ಈ ದಶಕದ ಅತ್ಯಂತ ದಿಟ್ಟ ಕಲ್ಪನೆ" ಎಂದು ಬರೆದಿರುತ್ತಾರೆ. ಸದರಿ ಶಿಶುವಿಹಾರವು ಕಳೆದ ವರ್ಷವೇ ಪೂರ್ಣಗೊಂಡಿದೆಯೆಂದು ವರದಿಯಲ್ಲಿ ಸ್ಪಷ್ಟವಾಗಿ ನಮೂದಾಗಿದೆ. ಆದ್ದರಿಂದ ಸಂಬಂಧಪಟ್ಟವರಿಗೆಲ್ಲ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಇಲಾಖೆಯ ವರದಿಗಳನ್ನು ಯಾರೂ ಕೊನೆಯವರೆಗೆ ಓದತಕ್ಕದ್ದಲ್ಲ. ಕೈಮೀರಿ ಓದಿಬಿಟ್ಟವರು ಮುಖಭಾವ ಬದಲಿಸದೆ ಮುಚ್ಚಿಡತಕ್ಕದ್ದು.

2. ಬೆರಳಚ್ಚುಗಾರ್ತಿ ಊಲ್ಕನ್ ಅವರು, "ಅಯ್ಯೋ, ಇಷ್ಟು ವರ್ಷದಲ್ಲಿ ನಮ್ಮ ವರದಿನ ಪೂರ್ತಿ ಓದಿದ್ದು ಜಿಪಾರಕ್ಕ ಒಬ್ಬರೇ ಕಣ್ರೀ! ಟೈಪ್ ಮಾಡಿದ ನಾನೇ ಓದಿಲ್ಲ" ಎಂದು ನುಡಿದಿರುವುದು ಗಮನಕ್ಕೆ ಬಂದಿದೆ. ಮಾತು ನಿಜವಾಗಿರುವುದರಿಂದ ಕ್ರಮ ಕೈಗೊಂಡಿಲ್ಲ. ಬಾಯಲ್ಲಿ ಬೋರ್ಸೋಕ್ ಎಂಬ ಕರಿದ ತಿಂಡಿ ಇಟ್ಟುಕೊಂಡು ನುಡಿದಿದ್ದಕ್ಕೆ ಮಾತ್ರ ಎಚ್ಚರಿಕೆ ನೀಡಲಾಗಿದೆ.

3. 2050ರವರೆಗಿನ ಭವಿಷ್ಯವು ಇಲಾಖೆಯ ವ್ಯಾಪ್ತಿಗೆ ಒಳಪಟ್ಟಿದೆ. ವಿಮರ್ಶಕರು ಅದರ ನಂತರದ, ಸಾಧ್ಯವಾದಷ್ಟೂ ಬೇರೆ ಗ್ರಹದ ಕಥೆಗಳನ್ನೇ ಆರಿಸಿಕೊಳ್ಳತಕ್ಕದ್ದು. ಆ ಗ್ರಹದಲ್ಲಿಯೂ ಚಳಿಗಾಲದಲ್ಲಿ ಬಿಸಿನೀರು ಬರುತ್ತಿಲ್ಲವಾದರೆ ಪೂರ್ವಾನುಮತಿ ಕಡ್ಡಾಯ.

4. ವರದಿಯು ಕಾದಂಬರಿಯಲ್ಲವೆಂದು ಸಂಪಾದಕಿಯು 15ರೊಳಗೆ ಬರೆದು ಸಹಿ ಮಾಡಿ ಕೊಡತಕ್ಕದ್ದು. ತಪ್ಪಿದಲ್ಲಿ, ಅವರು ಇಪ್ಪತ್ತೆರಡು ವರ್ಷಗಳಿಂದ ಒಬ್ಬರೇ ನಡೆಸಿಕೊಂಡು ಬಂದಿರುವ ಪತ್ರಿಕೆಯ ನೋಂದಣಿ ರದ್ದಾಗುವುದು.

5. (12ರಂದು ಸೇರಿಸಿದ್ದು) ರಾಜಧಾನಿಯಿಂದ ಪರಿಶೀಲನಾ ತಂಡ ಆಗಮಿಸಿ, ಹದಿನೇಳನೇ ಶಿಶುವಿಹಾರವನ್ನು ತೋರಿಸುವಂತೆ ಕೋರಿರುತ್ತದೆ. ತಂಡಕ್ಕೆ ಕುರಿಮಾಂಸದ ಊಟ ಬಡಿಸಿ, ಬಿಳಿ ಉಣ್ಣೆ ಟೋಪಿ ಹಾಕಲಾಯಿತು. ಟೋಪಿ ಹಾಕಿಕೊಂಡ ಮೇಲೂ ತಂಡವು ಶಿಶುವಿಹಾರವನ್ನೇ ಕೇಳಿರುತ್ತದೆ.

6. ಆದಕಾರಣ 1ರಿಂದ 4ರವರೆಗಿನ ಸೂಚನೆಗಳನ್ನು ಹಿಂಪಡೆಯಲಾಗಿದೆ. ವರದಿಯು ಮೊದಲಿನಿಂದಲೂ ಕಾದಂಬರಿಯೇ ಆಗಿತ್ತು. ಕಾದಂಬರಿಯಲ್ಲಿ ಬರುವ ಕಟ್ಟಡಗಳನ್ನು ಕಟ್ಟುವ ಹೊಣೆ ಯಾವ ಇಲಾಖೆಯದೂ ಅಲ್ಲ. ಸಾಕ್ಷ್ಯಕ್ಕಾಗಿ ವಿಮರ್ಶೆಯ ಹನ್ನೆರಡು ಪ್ರತಿಗಳನ್ನು ಮೊಹರು ಸಹಿತ ಒದಗಿಸಲು ಸಂಪಾದಕಿಯನ್ನು ವಿನಯಪೂರ್ವಕ ಕೋರಲಾಗಿದೆ. ಇತರ ಇಲಾಖೆಗಳೂ ತಂತಮ್ಮ ವರದಿಗಳನ್ನು ಹಿಡಿದು ಪತ್ರಿಕೆಯ ಬಾಗಿಲಲ್ಲಿ ಸಾಲುಗಟ್ಟಿರುವುದರಿಂದ, ನಮ್ಮ ಇಲಾಖೆಗೆ ಆದ್ಯತೆ ನೀಡತಕ್ಕದ್ದು.

7. ಸಂಪಾದಕಿಯು ಕೆಳಗೆ ಸಹಿ ಮಾಡಿರುವ ಮುಖ್ಯಸ್ಥರಿಗೆ ಬರೆದ ಉತ್ತರವು 15ರಂದು ತಲುಪಿದ್ದು, ದಾಖಲೆಗಾಗಿ ಯಥಾವತ್ತಾಗಿ ಕೊಡಲಾಗಿದೆ (ಸಂಬೋಧನೆ ನಿಯಮಾನುಸಾರವಿಲ್ಲ):

"ಸಗಿನ್‌ಬೇಕ್ ತಮ್ಮಾ, ಆ ಜಾಗಕ್ಕೆ ನಾನೇ ಹೋಗಿ ಬಂದೆ. ಒಂದು ಅಡಿಗಲ್ಲಿದೆ, ಅದರ ಮೇಲೆ ನಿನ್ನ ಹೆಸರಿದೆ. ಪಕ್ಕದ ಸಂತೇಲಿ ತಾಯಂದಿರು ಕೂಸುಗಳನ್ನ ಆಲೂಗಡ್ಡೆ ಮೂಟೆ ಮೇಲೆ ಮಲಗಿಸಿ ವ್ಯಾಪಾರ ಮಾಡ್ತಿದ್ದಾರೆ. ಶಿಶುವಿಹಾರ ಯಾವಾಗ ತೆಗೀತಾರೆ ಅಂತ ನನ್ನನ್ನೇ ಕೇಳಿದರು. ನಾಚಿಕೆ ಆಯ್ತು ಕಣೋ ನನಗೆ. ಕಾದಂಬರಿ ಓದಿ ಯಾರಾದ್ರೂ ಮಕ್ಕಳ ಹೆಸರು ಬರೆಸ್ತಾರಾ? ಇವರು ಬರೆಸಿದ್ದಾರೆ, ನಲವತ್ಮೂರು ಮಕ್ಕಳು. ನಾನು ಬರೆದಿದ್ದು ತಪ್ಪು. ನೀನು ಮೊದಲು ಕೇಳಿದ ಹಾಗೇ ಸಹಿ ಹಾಕಿದ್ದೀನಿ. ಇದು ಕಾದಂಬರಿ ಅಲ್ಲ, ಕೊಟ್ಟ ಮಾತು. ಕಟ್ಟು."

8. ಸದರಿ ಪತ್ರವನ್ನು ಇಲಾಖೆಯೇ ಗಡುವು ಕೊಟ್ಟು ಕೇಳಿ ಪಡೆದಿರುವುದರಿಂದ ತಿರಸ್ಕರಿಸಲು ನಿಯಮದಲ್ಲಿ ಅವಕಾಶವಿಲ್ಲ. ಇದರ ಪ್ರತಿಯನ್ನು ಸಂಪಾದಕಿಯು ಪರಿಶೀಲನಾ ತಂಡಕ್ಕೆ ಖುದ್ದಾಗಿ ತಲುಪಿಸಿರುತ್ತಾರೆ.

ಸಹಿ/-
(ಸಗಿನ್‌ಬೇಕ್ ಜೊರೊಯೆವ್)
ಮುಖ್ಯಸ್ಥರು, ಸದ್ಯಕ್ಕೆ

ಪ್ರತಿಗಳು:
1. ಪರಿಶೀಲನಾ ತಂಡಕ್ಕೆ, ಟೋಪಿಗಳನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ.
2. ಸಂಪಾದಕಿ, 'ನಾಳಿದ್ದು' ಇವರಿಗೆ, ಮಾಹಿತಿಗಾಗಿ, ವಿಮರ್ಶೆಗಾಗಿ ಅಲ್ಲ.
3. ಶ್ರೀಮತಿ ಊಲ್ಕನ್ ಅವರಿಗೆ, ಟೈಪ್ ಮಾಡಲು, ಓದಲು ಅಲ್ಲ.
4. ಮುಖ್ಯೋಪಾಧ್ಯಾಯಿನಿ, ಹದಿನೇಳನೇ ಶಿಶುವಿಹಾರ ಇವರಿಗೆ. ಸದರಿ ವಿಳಾಸದಲ್ಲಿ ಬಾಗಿಲು ಕಂಡುಬಾರದ ಕಾರಣ ಅಡಿಗಲ್ಲಿಗೆ ಅಂಟಿಸಲಾಗಿದೆ.