ಸಹಿ ಹಾಕಿದ ಕೆಂಪೆಲೆ

ಈ ಸಲದ ಶರತ್ಕಾಲ ಸುಮ್ಮನೆ ಉದುರಿಹೋಗಲು ನಾನು ಬಿಡುವುದಿಲ್ಲ ಎಂದು ಮನೆಯಲ್ಲಿ ಘೋಷಿಸಿದೆ. ನಮ್ಮದು ಕ್ರೈಸ್ತ ಕುಟುಂಬ. ಒಂದೊಂದು ಎಲೆಯಲ್ಲೂ ದೇವರ ಸಂದೇಶ ಹುಡುಕಿಯೇ ತೀರಬೇಕು! ಚರ್ಚಿನ ಸಭೆಗೆ ಹೊಸ ಹಿರಿಯರನ್ನು ಆರಿಸುವ ಕಾಲವೂ ಅದೇ ಆಗಿದ್ದು ಕೇವಲ ಕಾಕತಾಳೀಯ. ಆ ಪದವಿಯ ಮೇಲೆ ನನಗೆ ಬಹಳ ವರ್ಷಗಳಿಂದ ಕಣ್ಣು, ಅಷ್ಟೆ.

"ಮರ ಎಲೆ ಬಿಡೋ ಹಾಗೆ ನಾವೂ ನಮ್ಮ ದುರ್ಗುಣ ಬಿಡಬೇಕು," ಎಂದೆ ಗಂಭೀರವಾಗಿ.

"ಅಂಗಳ ಗುಡಿಸೋದನ್ನ ನೀವು ಆಗಲೇ ಬಿಟ್ಟಿದ್ದೀರಲ್ಲ," ಎಂದಳು ಹೆಂಡತಿ.

ಇಂಥ ಲೌಕಿಕ ಮಾತಿಗೆ ಕಿವಿಗೊಡದೆ ಎಲ್ಲರ ಕೈಗೂ ಒಂದೊಂದು ಕೆಂಪೆಲೆ, ಪೆನ್ನು ಕೊಟ್ಟೆ. ಬಿಡಬೇಕಾದ ಒಂದು ತಪ್ಪನ್ನು ಅದರ ಹಿಂಬದಿಗೆ ಬರೆದು ಗಾಳಿಗೆ ತೂರಬೇಕು. ಮಗಳು, 'ಅಪ್ಪನ ಉಪದೇಶಕ್ಕೆ ಹೂಂಗುಡುವುದು' ಎಂದು ಬರೆದಳು.

"ನನಗೆ ಒಂದು ಎಲೆ ಸಾಕು. ನಿಮಗೆ ಮರ ಅಲ್ಲಾಡಿಸಿ ಇನ್ನಷ್ಟು ಉದುರಿಸಲಾ?" ಎಂದಳು ಹೆಂಡತಿ.

ನಾನು ಪ್ರಾಮಾಣಿಕವಾಗಿ ಬರೆದೆ: 'ಚರ್ಚಿನಲ್ಲಿ ಪಾಸ್ಟರ ಪ್ರಸಂಗ ಶುರುವಾದ ಕೂಡಲೇ ನಿದ್ದೆ ಹೋಗುತ್ತೇನೆ.' ನಾನು ದಾಖಲೆ ಕಚೇರಿಯ ಗುಮಾಸ್ತನಲ್ಲವೇ, ಕೈ ಸುಮ್ಮನಿರಲಿಲ್ಲ. ಕೆಳಗೆ ಪೂರ್ಣ ಸಹಿ, ತಾರೀಖು! ಎಲೆ ಬೇಲಿ ದಾಟಿ ಹಾರಿತು. ನನ್ನ ಆತ್ಮ ಹಗುರವಾಯಿತು.

ಐದೇ ನಿಮಿಷ. ಪಾಸ್ಟರು ಗೇಟು ತೆರೆದು ಒಳಗೆ ಬಂದರು. ಕೈಯಲ್ಲಿ ಕೆಂಪೆಲೆ!

"ಎಷ್ಟು ಚೆಂದ ಇದೆ ನೋಡಿ, ನಿಮ್ಮ ಬೇಲಿ ಹತ್ರ ಸಿಕ್ತು. ಬೈಬಲ್‌ನಲ್ಲಿ ಗುರುತಿಗೆ ಇಟ್ಕೋತೀನಿ," ಎನ್ನುತ್ತ ಕುಳಿತರು. "ಹಿರಿಯರ ಸ್ಥಾನಕ್ಕೆ ನಿಮ್ಮನ್ನೇ ಅಂದ್ಕೊಂಡಿದ್ದೀನಿ. ನನ್ನ ಪ್ರಸಂಗಾನ ಕಣ್ಣು ಮುಚ್ಚಿ, ತಲೆದೂಗಿ ಕೇಳೋರು ಇಡೀ ಸಭೇಲಿ ನೀವೊಬ್ಬರೇ!"

ಹೆಂಡತಿ ಕೆಮ್ಮಿದಳು.

"ಕೊಡಿ ಪಾಸ್ಟರೇ, ಅದು ಹುಳ ತಿಂದ ಎಲೆ! ಬೇರೆ ಒಳ್ಳೇದು ಕೊಡ್ತೀನಿ," ಎಂದು ಕೈ ಚಾಚಿದೆ.

"ಹುಳ ಎಲ್ಲಿದೆ?" ಎಂದು ಅವರು ಎಲೆಯನ್ನು ಮಗುಚಿದರು. ಓದಿದರು. ಸಹಿಯನ್ನೂ ಓದಿದರು, ತಾರೀಖನ್ನೂ ಓದಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಮುಖ ಸಪ್ಪಗಾಯಿತು, ನನಗೆ ನಿಜಕ್ಕೂ ನಾಚಿಕೆಯಾಯಿತು.

ಅವರು ನನ್ನ ಹೆಂಡತಿಯತ್ತ ತಿರುಗಿದರು. "ಅಮ್ಮಾ, ನೀವಾದ್ರೂ ಎಚ್ಚರ ಇರ್ತೀರಾ?"

"ಇವರ ಗೊರಕೆ ಪಕ್ಕ ಯಾರಿಗೆ ನಿದ್ದೆ ಬರುತ್ತೆ, ಪಾಸ್ಟರೇ?"

ಈಗ ನಮ್ಮ ಸಭೆಗೆ ಅವಳೇ ಹಿರಿಯಳು. ವೇದಿಕೆಯ ಮೇಲೆ ಎಲ್ಲರಿಗೂ ಎದುರಾಗಿ ಕೂರುತ್ತಾಳೆ, ದೃಷ್ಟಿ ಮಾತ್ರ ನನ್ನೊಬ್ಬನ ಮೇಲೆ! ಕಳೆದ ಭಾನುವಾರ ಜೀವಮಾನದಲ್ಲೇ ಮೊದಲ ಸಲ ಇಡೀ ಪ್ರಸಂಗ ಕೇಳಿದೆ. ನಮ್ಮ ಪಾಸ್ಟರು ಇಷ್ಟು ಚೆನ್ನಾಗಿ ಮಾತಾಡುತ್ತಾರೆಂದು ಇಷ್ಟು ವರ್ಷ ಯಾರೂ ನನಗೆ ಹೇಳಿಯೇ ಇರಲಿಲ್ಲ!